ಭಸ್ಮನಾಥನಿಗೆ ಅರೆದ ಅಕ್ಕಿ

ಭಸ್ಮನಾಥನ ಮುಖವನ್ನು ಅರೆದು ಕೊಟ್ಟವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಆಗ ಮುಂದಿನದನ್ನು ಹೇಳುವುದು ಸುಲಭ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿತ್ತು. ಮುಂಬಯಿಯಲ್ಲಿ, ಜೋಗೇಶ್ವರಿಯ ಒಂದು ಚಾಳಿನ ಕೆಳಗಿನ ಖೋಲಿ ನಮ್ಮದು. ನಮ್ಮ ಮನೆಯವರು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ನಮ್ಮ ತಲೆಯ ಮೇಲಿನ ಖೋಲಿಯಲ್ಲಿ ಧಾರವಾಡದ ಒಬ್ಬ ಮೇಕಪ್ ಮಾಸ್ತರರಿದ್ದರು. ನಾಟಕದ ಕಂಪನಿ ಮುಚ್ಚಿದ ಮೇಲೆ ಸಿನಿಮಾಕ್ಕೆ ಬಂದವರು, ಐವತ್ತು ದಾಟಿದವರು, ಒಂಟಿ. ಒಂದು ಬೆಳಿಗ್ಗೆ ನಾನು ಬಾಗಿಲ ಬಳಿ ಕೂತು ಇಡ್ಲಿಗೆ ಅರೆಯುತ್ತಿದ್ದಾಗ ಅವರು ಮೆಟ್ಟಿಲಿಳಿದು ಬಂದವರು ಮುಂದೆ ಹೋಗದೆ ನನ್ನ ಒರಳನ್ನೇ ನೋಡುತ್ತ ನಿಂತರು.

"ತಂಗೀ, ನಿಮ್ಮ ಕಡೀ ಆಟದಾಗ ರಾಕ್ಷಸರು ಬೆಳತನಕ ಕುಣೀತಾರಲ್ಲ, ಅವರ ಮಾರಿ ಮ್ಯಾಲಿನ ಬಿಳೀದು ಬೆವತರೂ ಕರಗೂದಿಲ್ಲಲ್ಲ. ಏನದು?"

"ಅಕ್ಕಿ," ಎಂದೆ. "ಅಕ್ಕಿ ಮತ್ತೆ ಸುಣ್ಣ."

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅವರ ಕಷ್ಟ ಹೀಗಿತ್ತು. ಸೇಠರೊಬ್ಬರು ನಮ್ಮ ಚಾಳಿನಿಂದ ಅರ್ಧ ಮೈಲಿ ದೂರದ ಸ್ಟುಡಿಯೋದಲ್ಲಿ ಭೂತದ ಪಿಕ್ಚರ್ ತೆಗೆಯುತ್ತಿದ್ದರು. ಅದರಲ್ಲಿ ಭಸ್ಮನಾಥನೆಂಬ ಒಬ್ಬ ದುಷ್ಟ ಮಾಂತ್ರಿಕ. ಊರವರು ಅವನನ್ನು ಸುಡುತ್ತಾರೆ, ಅವನು ಬೂದಿಯಿಂದ ಎದ್ದು ಬರುತ್ತಾನೆ. ಯಾರ ಎಡಗೆನ್ನೆಗೆ ಬೂದಿಯ ಬೆರಳು ಒತ್ತುತ್ತಾನೋ ಅವರು ಅವನವರಾಗುತ್ತಾರೆ. ಆಮೇಲೆ ಅವರು ತಮ್ಮ ಮನೆಯ ಹೊಸ್ತಿಲು ದಾಟಿದರೆ ಅವರೊಂದಿಗೆ ಅವನೂ ಒಳಗೆ ಬಂದ ಹಾಗೆ. ಅವನ ಮುಖ ಬೂದಿ ಸಿಡಿದ ಹಾಗೆ ಕಾಣಬೇಕು, ಎಡಗೆನ್ನೆಯಲ್ಲಿ ಬೂದಿ ದಪ್ಪವಾಗಿ ಎದ್ದು ನಿಲ್ಲಬೇಕು. ಮಾಸ್ತರರು ಹತ್ತಿ ಅಂಟಿಸಿದರು, ಬಿಳಿಯ ಪುಡಿಯನ್ನು ಗೋಂದಿನಲ್ಲಿ ಕಲಸಿ ಮೆತ್ತಿದರು. ದೊಡ್ಡ ದೀಪಗಳನ್ನು ಹೊತ್ತಿಸಿದ ಅರ್ಧ ಗಂಟೆಯೊಳಗೆ ಎಲ್ಲ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಸೇಠರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು.

ನನ್ನ ಸೋದರಮಾವ ಯಕ್ಷಗಾನದಲ್ಲಿ ಬಣ್ಣದ ವೇಷ ಮಾಡುತ್ತಿದ್ದರು, ಎಂದರೆ ರಾಕ್ಷಸನ ವೇಷ. ಅವರ ಮುಖಕ್ಕೆ ಇಡುವ ಬಿಳಿಯ ಉಬ್ಬುಚುಕ್ಕಿಗಳಿಗೆ ಚಿಟ್ಟಿ ಎನ್ನುತ್ತಾರೆ; ಅದಕ್ಕೆ ಅಕ್ಕಿ ಅರೆಯುವುದು ಮನೆಯ ಹುಡುಗಿಯರ ಕೆಲಸ, ಆ ಕೆಲಸಕ್ಕೆ ನನ್ನ ಕೈಯೇ ಆಗಬೇಕೆಂದು ಮಾವನ ಹಟ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಆ ವಿದ್ಯೆ ಯಾರಿಗೆ ಬೇಕು? ಹದಿನೈದು ವರ್ಷದ ಮೇಲೆ ಒಬ್ಬರು ಕೇಳಿದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿಗ್ಗಾಯಿತು.

ನಮ್ಮ ಮನೆಯವರನ್ನು ಕೇಳಿದೆ. ಅವರು ಊಟ ಮುಗಿಸಿ ಕೈ ತೊಳೆದ ಮೇಲೆ, ಹಿಟ್ಟು ಅರೆಯಲಿಕ್ಕೆ ಅಡ್ಡಿಯಿಲ್ಲ, ನೀನೇ ಪಿಕ್ಚರಿನಲ್ಲಿ ಕುಣಿಯಬೇಡ ಎಂದರು. ಅಷ್ಟು ಸುಲಭವಾಗಿ ಒಪ್ಪಿದರಲ್ಲ, ಅದೊಂದು ಪುಣ್ಯ.

ಕೆಲಸದ ಕ್ರಮ ಇದು. ಹಳೆಯ ಬೆಳ್ತಿಗೆ ಅಕ್ಕಿಯನ್ನು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಉಪ್ಪು ತಗಲದ ಒರಳಿನಲ್ಲಿ, ಬೆರಳಿಗೆ ತರಿ ಸಿಕ್ಕದಷ್ಟು ನುಣ್ಣಗೆ ಅರೆಯಬೇಕು. ಸುಣ್ಣವನ್ನು ಮಣ್ಣಿನ ಗಡಿಗೆಯಲ್ಲಿ ನೀರು ಹಾಕಿ ಹದಿನೈದು ದಿನವಾದರೂ ಇಟ್ಟಿರಬೇಕು, ದಿನವೂ ಮೇಲಿನ ನೀರು ಚೆಲ್ಲಬೇಕು, ತಳದಲ್ಲಿ ಬೆಣ್ಣೆಯ ಹಾಗೆ ನಿಂತದ್ದನ್ನು ಮಾತ್ರ ತೆಗೆಯಬೇಕು. ಒಂದು ಮುಷ್ಟಿ ಹಿಟ್ಟಿಗೆ ಒಂದು ಬೆರಳ ತುದಿಯಷ್ಟು ಸುಣ್ಣ. ಎರಡನ್ನೂ ಕಲಸಿ ಮಲ್ಲಿನ ಬಟ್ಟೆಯಲ್ಲಿ ಸೋಸಬೇಕು. ಮುಖಕ್ಕೆ ಮೊದಲು ತೆಂಗಿನೆಣ್ಣೆ, ಅದರ ಮೇಲೆ ತೆಳುವಾಗಿ ಒಂದು ಬಳಿತ, ಅದರ ಮೇಲೆ ತೆಂಗಿನ ಕಡ್ಡಿಯಿಂದ ಚುಕ್ಕಿ. ಒಂದು ಚುಕ್ಕಿ ಒಣಗಿದ ಮೇಲೆ ಅದರ ತಲೆಯ ಮೇಲೆ ಇನ್ನೊಂದು. ಹೀಗೆ ಒಂಬತ್ತು ಸುತ್ತು ಇಟ್ಟರೆ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಇಡಲಿಕ್ಕೆ ಮೂರು ಗಂಟೆ ಬೇಕು. ತೆಗೆಯುವಾಗ ಎಣ್ಣೆ ಹಚ್ಚಿ ಕಾಯಬೇಕು, ಎಣ್ಣೆ ಒಳಗಿಳಿದ ಮೇಲೆ ಬೆರಳಿನಿಂದ ಎಬ್ಬಿಸಬೇಕು. ಸುಣ್ಣ ಪೂರ್ತಿ ಹೋಗುವವರೆಗೆ ನೀರು ಮುಟ್ಟಿಸಬಾರದು. ಇಷ್ಟನ್ನು ನಾನೇ ಸ್ಟುಡಿಯೋಕ್ಕೆ ಹೋಗಿ ಮೂರು ದಿನ ಮಾಸ್ತರರಿಗೆ ಕಲಿಸಿಕೊಟ್ಟೆ. ಆಮೇಲೆ ಬೆಳಿಗ್ಗೆ ಹಿಟ್ಟಿನ ಡಬ್ಬಕ್ಕೆ ಒದ್ದೆ ಬಟ್ಟೆ ಸುತ್ತಿ ಅವರ ಕೈಗೆ ಕೊಡುವುದಷ್ಟೇ ನನ್ನ ಕೆಲಸ.

ವೇಷ ಕಟ್ಟುವವನು ನಮ್ಮವನೇ, ಕುಂದಾಪುರದ ಕಡೆಯವನು. ಮೂವತ್ತರ ಹತ್ತಿರದ ಪ್ರಾಯ, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ವಡಾಲದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಚಾ ಕುಡಿಯಲು ಹೋದ ಸೇಠರು ಅವನ ಆಕಾರ ನೋಡಿ ಕೈ ಹಿಡಿದು ಕರೆತಂದರಂತೆ. ಚಿಟ್ಟಿ ಇಡುವಾಗ ಅವನು ಮೂರು ಗಂಟೆ ಕಣ್ಣು ಮುಚ್ಚಿ ಕೂರುತ್ತಿದ್ದ, ಒಂದು ಸಲವೂ ಅಲುಗುತ್ತಿರಲಿಲ್ಲ. "ಎಂತ ಅಕ್ಕ, ಇವತ್ತು ನನ್ನ ಮುಖಕ್ಕೆ ಚಟ್ನಿ ಬೇರೆ ಉಂಟಾ?" ಎಂದು ನನ್ನನ್ನು ನಗಿಸುತ್ತಿದ್ದ. ಅವನ ಹೆಂಡತಿ ಆರು ತಿಂಗಳ ಬಸುರಿ, ಚೊಚ್ಚಲು.

ಮೊದಲ ದಿನ ಅವನಿಂದ ಮಾಡಿಸಿದ್ದು ಸಾಯುವ ದೃಶ್ಯ. ಸುಡುವ ಗುಡಿಯ ಸೆಟ್ಟನ್ನು ಬೇರೆ ಕಂಪನಿಯವರಿಗೆ ಬಿಟ್ಟುಕೊಡಬೇಕಿತ್ತಂತೆ, ಅದಕ್ಕೆ ಕಥೆಯ ಕೊನೆಯನ್ನು ಮೊದಲು ತೆಗೆದರು. ಸಿನಿಮಾದಲ್ಲಿ ಹೀಗೆಯೇ ಎಂದು ಮಾಸ್ತರರು ಹೇಳಿದರು. ನನಗೆ ಮಾತ್ರ ಸರಿ ಕಾಣಲಿಲ್ಲ. ಆಟದಲ್ಲಿ ರಾಕ್ಷಸ ಬೆಳಗಾಗುವಾಗ ಸಾಯುತ್ತಾನೆ, ಮಂಗಳ ಹಾಡುತ್ತಾರೆ, ವೇಷ ಕಳಚಿ ಗಣಪತಿಯ ದೀಪಕ್ಕೆ ಕೈಮುಗಿಯುತ್ತಾರೆ. ಇಲ್ಲಿ ಸತ್ತವನು ಮರುದಿನ ಒಂಬತ್ತು ಗಂಟೆಗೆ ಮತ್ತೆ ಕೆಲಸಕ್ಕೆ ಬರುತ್ತಿದ್ದ.

ಅಲ್ಲಿಂದ ಶುರುವಾಯಿತು. ಒಂದು ದಿನ ದೊಡ್ಡ ದೀಪ ಸಿಡಿಯಿತು. ಒಬ್ಬ ಬಡಗಿ ಒದ್ದೆ ಕಾಲಿನಲ್ಲಿ ಹಲಗೆ ಹತ್ತಿ ಜಾರಿ ಕೈ ಮುರಿದುಕೊಂಡ. ಒಂದು ದಿನದ ಫಿಲ್ಮ್‌ಗೆ ಬೆಳಕು ಬಿದ್ದು ಹಾಳಾಯಿತು. ಎಲ್ಲ ಭಸ್ಮನಾಥನ ಲೆಕ್ಕಕ್ಕೆ. ಸತ್ತವನನ್ನು ದಿನಾ ಎಬ್ಬಿಸಿದರೆ ಸುಮ್ಮನಿರುತ್ತಾನಾ ಎಂದು ಅವರವರೇ ಮಾತಾಡಿಕೊಂಡರು. ಕ್ಯಾಮೆರಾದವನು ಮನೆಗೆ ಹೋಗುವ ಮೊದಲು ಕೆನ್ನೆ ಒರೆಸಿಕೊಳ್ಳತೊಡಗಿದ. ಹಾಡಿನ ದೃಶ್ಯಕ್ಕೆ ಬರುವ ಹುಡುಗಿಯರು ಭಸ್ಮನಾಥನ ಟೋಪನ್, ಎಂದರೆ ಜಡೆಯ ಕಟ್ಟುಗೂದಲು, ಇಟ್ಟ ಕೋಣೆಯ ಮುಂದೆ ಚಪ್ಪಲಿ ಬಿಟ್ಟು ನಡೆದರು. ಕೊನೆಗೆ ಆ ಟೋಪನ್ನಿಗೆ ದಿನಾ ಊದುಬತ್ತಿ, ಹೂವು.

ಇದನ್ನು ಮಾಸ್ತರರು ಹೇಳಿದಾಗ ನನಗೆ ನೆತ್ತಿಗೆ ಸಿಟ್ಟು ಏರಿತು. ನಮ್ಮ ಮನೆಯ ಕೃಷ್ಣನಿಗೆ ಹೂ ಸಿಗದ ದಿನ ನಾನು ತುಳಸಿಯ ಒಂದು ದಳ ಇಟ್ಟು ತೃಪ್ತಿಪಡುತ್ತೇನೆ. ಅಲ್ಲಿ, ಯಾರೋ ಒಬ್ಬ ಬರಹಗಾರ ಬೀಡಿ ಸೇದುತ್ತ ಕಾಗದದ ಮೇಲೆ ಬರೆದವನಿಗೆ ಮಲ್ಲಿಗೆಯ ಮಾಲೆ. "ಅವನ ಮುಖ ನನ್ನ ಒರಳಿನಲ್ಲಿ ಹುಟ್ಟಿದ್ದು ಮಾಸ್ತರರೇ. ಅದೇ ಒರಳಿನಲ್ಲಿ ಗಣಪತಿಗೆ ಕಡುಬಿನ ಹಿಟ್ಟೂ ಅರೀತೇನೆ. ಅವನೆಂತ ಮಾಡ್ತಾನೆ ನೋಡುವ," ಎಂದೆ. ಮಾಸ್ತರರು ನಕ್ಕರು. ನನಗೆ ಆಗ ಬಲು ಧೈರ್ಯ. ತಪ್ಪು ಮಾಡುವವರೆಗೆ ಎಲ್ಲರಿಗೂ ಧೈರ್ಯ ಇರುತ್ತದೆ.

ಏಕಾದಶಿ ಬಂತು. ನಮ್ಮ ಮನೆಯಲ್ಲಿ ಏಕಾದಶಿಯಂದು ಅಕ್ಕಿಯ ಡಬ್ಬವನ್ನು ತೆರೆಯುವುದೂ ಇಲ್ಲ. ಹಿಂದಿನ ಪಕ್ಷದ ಏಕಾದಶಿಗೆ ಶೂಟಿಂಗ್ ಇರಲಿಲ್ಲ, ಈ ಸಲ ಇತ್ತು. ನೆರೆಯವಳಿಗೆ ಹೇಳಿ ಅರೆಸಬಹುದಿತ್ತು. ಅವಳ ಕೈ ತರಿತರಿ ಎಂದು ನನಗೆ ಹಮ್ಮು. ದಶಮಿಯ ಸಂಜೆಯೇ ಅರೆದಿಟ್ಟೆ. ವೈಶಾಖದ ಸೆಕೆಯಲ್ಲಿ ಹಿಟ್ಟು ಬೆಳಗಾಗುವುದರೊಳಗೆ ಹುಳಿ ಬರುತ್ತದೆ. ಹುಳಿ ಬಂದ ಹಿಟ್ಟಿನ ಚುಕ್ಕಿ ನಿಲ್ಲುವುದಿಲ್ಲ, ಹರಿಯುತ್ತದೆ. ಹುಳಿ ಬರದಿರಲಿ ಎಂದು ಸುಣ್ಣವನ್ನು ಹೆಚ್ಚು ಹಾಕಿದೆ. ಒಂದು ಬೆರಳಿನ ಜಾಗದಲ್ಲಿ ಮೂರು. ಗಡಿಗೆಯ ಹಳೆಯ ಸುಣ್ಣ ಮುಗಿಯುತ್ತ ಬಂದಿತ್ತು, ಅದನ್ನು ಉಳಿಸಲೆಂದು ಕೊನೆಯ ಬೆರಳಿನಷ್ಟು ಇನ್ನೂ ಹದಿನೈದು ದಿನ ತುಂಬದ ಹೊಸದರಿಂದ ತೆಗೆದೆ. ಮಾಸ್ತರರಿಗೆ ಹೇಳಲಿಲ್ಲ. ಹೇಳಬೇಕೆಂದು ತೋರಲೂ ಇಲ್ಲ. ವ್ರತವೂ ಉಳಿಯಿತು, ಕೆಲಸವೂ ನಿಲ್ಲಲಿಲ್ಲ ಎಂದು ದೇವರ ಮುಂದೆ ಕೂತು ಸಂತೋಷಪಟ್ಟೆ.

ಮರುದಿನ ದ್ವಾದಶಿ. ಬೆಳಿಗ್ಗೆ ಬೇಗ ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡು ಎದ್ದಿದ್ದೆ, ಮಾಸ್ತರರು ಬಾಗಿಲಿಗೆ ಬಂದರು. ಹಿಂದಿನ ದಿನ ಆ ವೇಷದವನು ಬೆಳಿಗ್ಗೆಯಿಂದ ಸಂಜೆಯವರೆಗೆ ವೇಷದಲ್ಲೇ ಇದ್ದನಂತೆ. ಉರಿಯುತ್ತದೆ ಎಂದು ಎರಡು ಸಲ ಹೇಳಿದನಂತೆ, ದೀಪದ ಶಾಖ ಎಂದು ಎಲ್ಲರೂ ಸುಮ್ಮನಾದರಂತೆ. ಕೆಲಸ ಮುಗಿದಾಗ ಮಾಸ್ತರರನ್ನು ಬೇರೆ ಕಡೆ ಕರೆದರು, ಅವನು ತಾಳಲಾರದೆ ನಳದ ಕೆಳಗೆ ಮುಖ ಹಿಡಿದ. ಚಿಟ್ಟಿಯ ಜೊತೆ ಎಡಗೆನ್ನೆಯ ಚರ್ಮವೂ ಬಂತು. ಬೂದಿಯ ಗುರುತು ದಪ್ಪಗಿದ್ದ ಜಾಗದಲ್ಲೇ, ಬೆರಳು ಒತ್ತಿದಷ್ಟು ಅಗಲಕ್ಕೆ. ಕಣ್ಣಿಗೆ ಏನೂ ಆಗಿರಲಿಲ್ಲ. ಆ ಕೃಪೆಯನ್ನು ನಾನು ಇವತ್ತಿಗೂ ಎಣಿಸುತ್ತೇನೆ.

"ಹಿಟ್ಟಿನಾಗ ಏನರೆ ಹೆಚ್ಚುಕಡಿಮಿ ಆಗಿತ್ತೇನು, ತಂಗೀ?"

"ಇಲ್ಲ," ಎಂದೆ.

ತೀರ್ಥದ ತುಳಸಿ ಇನ್ನೂ ನನ್ನ ನಾಲಿಗೆಯ ಮೇಲಿತ್ತು.

ಏಕೆ ಹಾಗೆ ಹೇಳಿದೆನೆಂದು ಈಗ ಕಾರಣ ಹುಡುಕುವುದಿಲ್ಲ. ಹೆದರಿದೆ, ಅಷ್ಟೆ. ತುಪ್ಪವನ್ನು ಹಿತ್ತಾಳೆಯ ತಟ್ಟೆಯಲ್ಲಿ ಹಾಕಿ ನೂರು ಸಲ ನೀರಿನಲ್ಲಿ ತೊಳೆದೆ. ಅದು ಬಿಳಿ ಬೆಣ್ಣೆಯ ಹಾಗೆ ತಣ್ಣಗಾಗುತ್ತದೆ, ಸುಟ್ಟ ಗಾಯಕ್ಕೆ ಒಳ್ಳೆಯದು. ಅದನ್ನು ಮಾಸ್ತರರ ಕೈಯಲ್ಲಿ ಕಳಿಸಿದೆ. ತುಪ್ಪ ಕಳಿಸಬಲ್ಲೆ, ಮಾತು ಕಳಿಸಲಾರೆ.

ನಾಲ್ಕು ದಿನ ಹೀಗೆ ಹೋಯಿತು. ಮಾಸ್ತರರು ತಂದ ಸುದ್ದಿಗಳು ಒಂದಕ್ಕಿಂತ ಒಂದು ಕೆಟ್ಟವು. ಭಸ್ಮನಾಥ ತನ್ನ ವೇಷದವನನ್ನೇ ಹಿಡಿದನೆಂದು ಸ್ಟುಡಿಯೋದಲ್ಲೆಲ್ಲ ಹಬ್ಬಿತು. ಅವನು ನಡೆದು ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು. ಸೇಠರಿಗೆ ಮೊದಲು ಗಾಬರಿ, ಆಮೇಲೆ ಖುಷಿ. ಒಬ್ಬ ಪತ್ರಿಕೆಯವನನ್ನು ಕರೆಸಿ ಗಾಯ ತೋರಿಸಿದರು. ಐದನೆಯ ದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಆ ವೇಷದವನ ಹೆಂಡತಿ ಬಂದಳು. ವಡಾಲದಿಂದ ರೈಲು ಬದಲಿಸಿ, ಆ ಹೊಟ್ಟೆ ಹೊತ್ತು, ದಾರಿ ಕೇಳಿಕೊಂಡು ಬಂದಿದ್ದಳು. ಇಪ್ಪತ್ತು ವರ್ಷವೂ ಆಗಿರದ ಹುಡುಗಿ. ನೀರು ಬೆಲ್ಲ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಹೇಳಿದಳು.

"ಅವ್ರು ಮನೆಗೆ ಬರುದಿಲ್ಲ ಅಕ್ಕ. ಏಕಾದಶಿಯಿಂದ ಸ್ಟುಡಿಯೋದಲ್ಲೇ ಇದ್ದಾರೆ. ನಾನು ಹೊಸ್ತಿಲು ದಾಟಿದ್ರೆ ಅವನೂ ದಾಟ್ತಾನೆ, ಹೊಟ್ಟೆಯಲ್ಲಿ ಮಗು ಉಂಟು, ನೀನು ಊರಿಗೆ ಹೋಗು ಅಂತ ಹೇಳಿ ಕಳಿಸಿದ್ದಾರೆ. ಮಗು ಹುಟ್ಟಿದ ಮೇಲೂ ನೋಡ್ಲಿಕ್ಕೆ ಬರುದಿಲ್ಲಂತೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಪೂಜೆ ಮಾಡುವವರು. ಎಂತಾದ್ರೂ ಮಂತ್ರ ಉಂಟಾ ಅಕ್ಕ?"

ದೇವರ ಗೂಡು ಅವಳ ಬೆನ್ನ ಹಿಂದಿತ್ತು. ಕೃಷ್ಣ ನನ್ನನ್ನೇ ನೋಡುತ್ತಿದ್ದ. ಒಬ್ಬ ಇಲ್ಲದ ಮಾಂತ್ರಿಕ ಒಬ್ಬ ಇರುವ ಗಂಡಸನ್ನು ಅವನ ಮನೆಯಿಂದ ಹೊರಗೆ ಹಾಕಿದ್ದಾನೆ, ಅವನಿಗೆ ಆ ಬಲ ಕೊಟ್ಟದ್ದು ಟೋಪನ್ನೂ ಅಲ್ಲ ಊದುಬತ್ತಿಯೂ ಅಲ್ಲ, ನನ್ನ "ಇಲ್ಲ" ಎಂಬ ಒಂದು ಮಾತು. ಇನ್ನು ಒಂದು ಗಳಿಗೆಯೂ ಅವನಿಗೆ ಕೊಡಬಾರದು ಎನಿಸಿತು.

"ಮಂತ್ರ ಬೇಡ," ಎಂದೆ. "ಸುಣ್ಣ ಜಾಸ್ತಿಯಾಗಿತ್ತು. ಹಾಕಿದ್ದು ನಾನು."

ಅವಳು ತಲೆ ಎತ್ತಿದಳು. ಅಳು ನಿಂತಿತು. ಆಮೇಲೆ, "ನಾಲ್ಕು ದಿನದಿಂದ ಗೊತ್ತಿತ್ತು ನಿಮಗೆ," ಎಂದಳು. ಪ್ರಶ್ನೆಯಾಗಿ ಕೇಳಲಿಲ್ಲ. ನಾನು ಹೌದೆಂದೆ. ಅವಳು ಬಯ್ಯಬಹುದಿತ್ತು. ಬಯ್ಯಲಿಲ್ಲ, ಅವರು ಮಾತಿಗೆ ನಂಬುವವರಲ್ಲ ಅಕ್ಕ ಎಂದಳು. ಅದು ನನಗೂ ಗೊತ್ತಿತ್ತು. ಭಯಕ್ಕೆ ಮಾತು ಹತ್ತುವುದಿಲ್ಲ. ಅದಕ್ಕೆ ಕಾಣುವಂಥದ್ದೇ ಆಗಬೇಕು.

ಒರಳು ಎಳೆದುಕೊಂಡೆ. ಆ ದಿನದ ಹಿಟ್ಟಿಗೆ ನೆನೆಸಿಟ್ಟ ಅಕ್ಕಿ ಇತ್ತು. ವೇಷ ನಿಂತಿದ್ದರೂ ಕೈ ಅಭ್ಯಾಸಕ್ಕೆ ನೆನೆಸಿತ್ತು. ಅರೆದು ಎರಡು ಪಾಲು ಮಾಡಿದೆ. ಒಂದಕ್ಕೆ ಮಾವ ಕಲಿಸಿದ ಹಾಗೆ ಒಂದು ಬೆರಳು ಸುಣ್ಣ, ಇನ್ನೊಂದಕ್ಕೆ ನಾನು ದಶಮಿಯಂದು ಹಾಕಿದ ಹಾಗೆ ಮೂರು, ಅದರಲ್ಲಿ ಕೊನೆಯ ಬೆರಳು ಹೊಸ ಸುಣ್ಣ. ಎರಡು ಡಬ್ಬ, ತೆಂಗಿನೆಣ್ಣೆಯ ಬಾಟಲಿ, ಕಡ್ಡಿಗಳು, ತೊಳೆದ ತುಪ್ಪ. ಆ ಹುಡುಗಿಯ ಕೈ ಹಿಡಿದು ಸ್ಟುಡಿಯೋಕ್ಕೆ ನಡೆದೆ.

ಅಲ್ಲಿ ಕೆಲಸವಿರಲಿಲ್ಲ, ಜನ ಮಾತ್ರ ಇದ್ದರು. ಮಾಸ್ತರರನ್ನು ಕರೆದು ಎಲ್ಲರೂ ಇರುವಾಗಲೇ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನನ್ನ ಮುಂದ ಇಲ್ಲ ಅಂದ್ರೆಲ್ಲ, ತಂಗೀ."

"ಅಂದೆ. ಅದೂ ತಪ್ಪೇ."

ಅವರು ಸೇಠರ ಕಡೆ ತಿರುಗಿ ಹಿಂದಿಯಲ್ಲಿ ತಿಳಿಸಿದರು. ಸೇಠರು ಕೆಟ್ಟವರಲ್ಲ, ವ್ಯಾಪಾರದವರು. ನಗುತ್ತಲೇ, ಬಾಯೀ, ಈ ಮಾತನ್ನು ಇಲ್ಲೇ ಬಿಡಿ ಎಂದರು. ಪತ್ರಿಕೆಯಲ್ಲಿ ಬಂದರೆ ಜನ ಮುಗಿಬೀಳುತ್ತಾರೆ, ನಿಮಗೂ ಕೆಟ್ಟ ಹೆಸರಿಲ್ಲ, ನಮಗೂ ಲಾಭ, ಗಾಯ ಹೇಗೂ ಮಾಯುತ್ತದೆ ಎಂದು ವಿವರಿಸಿದರು. ಅವರು ಹೇಳಿದ ರೀತಿಗೆ ಅದು ನನಗೆ ಮಾಡುವ ಉಪಕಾರದ ಹಾಗೆಯೇ ಕೇಳಿಸಿತು. ಒಂದು ವಾರದ ಹಿಂದಿನ ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆನೇನೋ.

"ಮಾಸ್ತರರೇ, ಅವರಿಗೆ ಹೇಳಿ," ಎಂದೆ. "ನನ್ನ ತಪ್ಪು ನನ್ನದು. ಅದನ್ನು ಕಾಗದದ ಮೇಲಿನ ಒಬ್ಬನಿಗೆ ದಾನ ಕೊಡ್ಲಿಕ್ಕೆ ನಾನು ತಯಾರಿಲ್ಲ."

ಮಾಸ್ತರರು ಅದನ್ನು ಹೇಗೆ ಹಿಂದಿಗೆ ತಂದರೋ, ಬಡಗಿಗಳ ಗುಂಪಿನಲ್ಲಿ ಯಾರೋ ನಕ್ಕರು.

ಅವನು ಪರದೆಗಳನ್ನು ಸುತ್ತಿಡುವ ಶೆಡ್ಡಿನೊಳಗಿದ್ದ. ಹೆಂಡತಿ ಹೊರಗೆ ನಿಂತು ಕರೆದಳು. ಹತ್ತಿರ ಬರಬೇಡ ಎಂದಷ್ಟೇ ಒಳಗಿನಿಂದ ಉತ್ತರ. ಬಾಗಿಲಿಗೆ ಎದುರಾಗಿ ನೀರಿನ ಟಾಕಿಯ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು ಕೂತೆ. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಬೆವರು ಬರಲಿ ಎಂದೇ ಅಲ್ಲಿ ಕೂತದ್ದು. ಎಲ್ಲರಿಗೂ ಎರಡು ಡಬ್ಬ ತೋರಿಸಿ, ಯಾವುದರಲ್ಲಿ ಎಷ್ಟು ಸುಣ್ಣವೆಂದು ಹೇಳಿದೆ. ಬಲಗೆನ್ನೆಗೆ ಸರಿಯಾದದ್ದು, ಎಡಗೆನ್ನೆಗೆ ಏಕಾದಶಿಯದ್ದು. ಚುಕ್ಕಿ ಇಡಲು ಮಾಸ್ತರರನ್ನೇ ಕೇಳಿದೆ.

ಅವರು ಕಡ್ಡಿಯನ್ನು ಕೆಳಗಿಟ್ಟರು. "ಹೆಣ್ಮಗಳ ಮಾರಿ ಇದು. ಕಲೆ ಉಳೀತದ."

"ಅವನದ್ದೂ ಮುಖವೇ ಅಲ್ವ ಮಾಸ್ತರರೇ. ಒಂಬತ್ತು ಸುತ್ತು ಇಡಿ, ಕಡಿಮೆ ಮಾಡ್ಬೇಡಿ."

ಇಟ್ಟರು. ನಾನು ಕಣ್ಣು ಮುಚ್ಚಿ ನಾಮ ಹೇಳುತ್ತ ಕೂತೆ. ಮೊದಲು ಎರಡೂ ಕೆನ್ನೆ ತಣ್ಣಗಿದ್ದವು. ಬೆವರು ಕೂಡಿದ ಮೇಲೆ ಎಡಗಡೆ ಇರುವೆ ಹರಿದ ಹಾಗೆ ಆಯಿತು, ಆಮೇಲೆ ಚೇಳು ಕುಳಿತ ಹಾಗೆ. ಅಷ್ಟು ಹೊತ್ತಿನಲ್ಲಿ ಎಷ್ಟು ನಾಮವಾಯಿತೋ ತಿಳಿಯದು, ಆದರೆ ಒಂದು ವಿಷಯ ತಿಳಿಯಿತು: ಇದನ್ನು ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಹೊತ್ತಿದ್ದ, ಅಷ್ಟೂ ಹೊತ್ತು ಕುಣಿದಿದ್ದ, ಎರಡೇ ಎರಡು ಸಲ ಬಾಯಿ ಬಿಟ್ಟಿದ್ದ. ನನಗೆ ಕಣ್ಣಲ್ಲಿ ನೀರು ಬಂದದ್ದು ಉರಿಗೋ ಅದಕ್ಕೋ.

ಯಾರೂ ಊಟಕ್ಕೂ ಏಳಲಿಲ್ಲ. ಬಿಸಿಲು ಟಾಕಿಯ ಆಚೆಗೆ ಸರಿದ ಮೇಲೆ ಎದ್ದೆ. ಬಲಗೆನ್ನೆಗೆ ಎಣ್ಣೆ ಹಚ್ಚಿ ಕಾದು ಬೆರಳಿನಿಂದ ಎಬ್ಬಿಸಿದೆ. ಸಿಪ್ಪೆಯ ಹಾಗೆ ಬಂತು, ಚರ್ಮ ಮೊದಲಿನಂತೆಯೇ ಇತ್ತು. ಎಡಗೆನ್ನೆಯನ್ನು, ಅವನು ಮಾಡಿದ ಹಾಗೆ, ನಳದ ಕೆಳಗೆ ಹಿಡಿದೆ. ಮಾಸ್ತರರು ತೋಳು ಹಿಡಿದರು. ತಿರುಗಿ ನಿಂತಾಗ ಹೆಂಗಸರ ಬಾಯಿಂದ ಬಂದ ಉಸಿರಿನಿಂದಲೇ ಗುರುತು ಬಂದಿದೆ ಎಂದು ಗೊತ್ತಾಯಿತು.

"ನೋಡಿ," ಎಂದೆ. ಹಿಂದಿ ಬಂದಷ್ಟು ಹಿಂದಿ, ಉಳಿದದ್ದು ಕನ್ನಡ. "ಒಂದೇ ಮುಖ. ಒಂದು ಕಡೆ ಅಳತೆ ಸರಿ, ಒಂದು ಕಡೆ ತಪ್ಪು. ನಾನು ಯಾವ ಸಿನಿಮಾದಲ್ಲೂ ಇಲ್ಲ, ನನ್ನನ್ನು ಯಾವ ಬಾಬಾನೂ ಮುಟ್ಟಲಿಲ್ಲ. ಈಗ ನಾನು ನೇರ ನನ್ನ ಮನೆಗೆ ಹೋಗಿ ದೇವರಿಗೆ ದೀಪ ಹಚ್ಚುವವಳು. ಅವನಿಗೆ ತಾಕತ್ತಿದ್ದರೆ ನನ್ನ ಹಿಂದೆ ಬರಲಿ. ಅಕ್ಕಿ ಅರೀಲಿಕ್ಕೆ ಒಬ್ಬ ಆಳು ಬೇಕಿತ್ತು ನನಗೆ."

ಆಗ ಶೆಡ್ಡಿನ ಬಾಗಿಲಿಗೆ ಅವನು ಬಂದ. ತಲೆ ತಗ್ಗಿಸಿ ಹೊರಗೆ ಬಂದು ನನ್ನ ಕೆನ್ನೆಯನ್ನೇ ನೋಡಿದ. ಗಡ್ಡ ಬೆಳೆದಿತ್ತು, ಗಾಯದ ಸುತ್ತ ಕೆಂಪಾಗಿತ್ತು.

"ಉರೀತದಾ ಅಕ್ಕ?"

"ಉರೀತದೆ. ನಿನಗೆ ಉರಿದ ಹಾಗೆಯೇ."

ಅವನು ನೆಲದ ಮೇಲೆ ಕೂತ. ಅಲ್ಲಿಂದಲೇ ಮೆಲ್ಲಗೆ ಹೇಳಿದ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ.

"ಸುಣ್ಣ ಇರಬಹುದಾ ಅಂತ ನನಗೂ ಒಂದು ಸಲ ಅನ್ನಿಸಿತ್ತು. ಆದ್ರೆ ಎಲ್ಲರೂ ಎದ್ದು ನಿಲ್ತಿದ್ರು ಅಕ್ಕ. ಹನ್ನೆರಡು ವರ್ಷ ಪ್ಲೇಟ್ ಎತ್ತಿದ್ದೇನೆ, ಒಬ್ಬನೂ ತಲೆ ಎತ್ತಿ ನೋಡ್ಲಿಲ್ಲ. ಹೆದರಿಕೆಯೂ ಆಯ್ತು, ಬಿಡ್ಲಿಕ್ಕೂ ಮನಸ್ಸಾಗ್ಲಿಲ್ಲ."

ಅವನ ಹೆಂಡತಿ ಹತ್ತಿರ ಬಂದು, ನನ್ನ ಕೈಯಿಂದ ತೊಳೆದ ತುಪ್ಪದ ಬಟ್ಟಲು ತೆಗೆದುಕೊಂಡು ಅವನ ಗಾಯಕ್ಕೆ ಹಚ್ಚಿದಳು. ಅವನು ಹಿಂದೆ ಸರಿಯಲಿಲ್ಲ. "ಮನೆಯಲ್ಲಿ ನಾನು ಎದ್ದು ನಿಲ್ತೇನೆ, ಬನ್ನಿ," ಎಂದಳು. "ಈಗ ಕೂತ್ರೆ ಏಳ್ಲಿಕ್ಕೇ ಕಷ್ಟ, ಆದ್ರೂ ನಿಲ್ತೇನೆ."

ಅವನು ನಕ್ಕ. ನಕ್ಕರೆ ಕೆನ್ನೆ ಎಳೆದು ನೋವಾಗಿರಬೇಕು, ಕೈಯಿಂದ ಒತ್ತಿಕೊಂಡು ಮತ್ತೂ ನಕ್ಕ.

ಆ ಸಂಜೆಯೇ ಅವನು ವಡಾಲಕ್ಕೆ ಹೋದ. ಹೊಸ್ತಿಲಲ್ಲಿ ಎರಡು ನಿಮಿಷ ನಿಂತನಂತೆ. ಒಳಗಿನಿಂದ ಅವಳು, ಬರುವುದಾದರೆ ನೀರಿನ ಕೊಡ ಎತ್ತಿಕೊಂಡು ಬನ್ನಿ ಎಂದಳಂತೆ. ಕೈಯಲ್ಲಿ ಕೊಡ ಇದ್ದದ್ದರಿಂದ ಹೊಸ್ತಿಲು ದಾಟಿದ್ದು ಗೊತ್ತೇ ಆಗಲಿಲ್ಲವಂತೆ.

ನಮ್ಮ ಮನೆಯವರು ಹೋಟೆಲಿನಿಂದ ಬಂದು ನನ್ನ ಮುಖ ನೋಡಿದರು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಅವರು ದೀಪವನ್ನು ಹತ್ತಿರ ತಂದು ನೋಡಿ, ಹಿಟ್ಟು ಅರೆಯಲಿಕ್ಕೆ ಮಾತ್ರ ಅಲ್ಲವಾ ನಾನು ಒಪ್ಪಿದ್ದು ಎಂದರು. ಆ ರಾತ್ರಿ ಅವರೇ ಅನ್ನ ಬಸಿದರು. ಮದುವೆಯಾದ ಮೇಲೆ ಮೊದಲ ಸಲ.

ಇನ್ನು ಪಿಕ್ಚರಿನದು. ಸೇಠರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಪತ್ರಿಕೆಯಲ್ಲಿ ಭಸ್ಮನಾಥನ ಗುರುತಿನ ಸುದ್ದಿ ಬಂದೇ ಬಂತು; ಸುಣ್ಣದ ಸುದ್ದಿ ಬರಲಿಲ್ಲ. ಆದರೆ ಸ್ಟುಡಿಯೋದ ಜನ ನೋಡಿದ್ದನ್ನು ಪತ್ರಿಕೆ ಅಳಿಸಲಾರದು. ಟೋಪನ್ನಿನ ಮುಂದೆ ಊದುಬತ್ತಿ ನಿಂತಿತು. ಅವನ ಗಾಯ ಒಣಗುವವರೆಗೆ ಮಾಸ್ತರರು ಎಡಗೆನ್ನೆಯನ್ನು ಬಿಟ್ಟು ಬಲಗೆನ್ನೆ ಮಾತ್ರ ಕಾಣುವ ದೃಶ್ಯಗಳನ್ನು ಮಾಡಿಸಿದರು. ಆಮೇಲೆ ಪೂರ್ತಿ ಮುಖಕ್ಕೆ ನನ್ನ ಹಿಟ್ಟೇ ಬೇಕೆಂದು ಅವನು ಹಟ ಹಿಡಿದ. ಬೇರೆ ಯಾರ ಹಿಟ್ಟೂ ಬೇಡ, ತಪ್ಪು ಒಪ್ಪಿಕೊಂಡ ಕೈಯೇ ಇರಲಿ ಎಂದು ಹೇಳಿ ಕಳಿಸಿದ.

ನಾನು ಒಪ್ಪಿದೆ, ಒಂದು ಷರತ್ತಿನ ಮೇಲೆ. ಮಾಸ್ತರರು ಅದನ್ನು ಸೇಠರಿಗೆ ಮುಟ್ಟಿಸಿದರು, ಸೇಠರು ಹಣೆ ಬಡಿದುಕೊಂಡು ಗೋಡೆಯ ಮೇಲಿನ ಕೆಲಸದ ಪಟ್ಟಿಯಲ್ಲಿ ಬರೆಸಿದರು: ಏಕಾದಶಿಯಂದು ಭಸ್ಮನಾಥನ ಕೆಲಸವಿಲ್ಲ. ಊರಿನ ಮನೆಮನೆ ಹೊಗುವ ಆ ಮಹಾ ಮಾಂತ್ರಿಕ ಪಿಕ್ಚರ್ ಮುಗಿಯುವವರೆಗೆ ನಮ್ಮ ಮನೆಯ ಏಕಾದಶಿಗೆ ಉಪವಾಸ ಮಾಡಿದ. ಕೊನೆಯ ದಿನ ಉಳಿದ ಚಿಟ್ಟಿಯನ್ನು ನಾನೇ ನೀರಿಗೆ ಬಿಟ್ಟೆ. ಅವನು ಎಣ್ಣೆ ಹಚ್ಚಿದ ಮುಖದಲ್ಲೇ, ಮಾಸ್ತರರು ಎಲ್ಲಿಂದಲೋ ತಂದ ಗಣಪತಿಯ ಪಟದ ಮುಂದೆ ಕೈಮುಗಿದ. ಮಾಡಬೇಕಾದ ಮಂಗಳ ಅಷ್ಟೇ.

ಆ ಪಿಕ್ಚರನ್ನು ನಾನು ನೋಡಲಿಲ್ಲ. ಚೆನ್ನಾಗಿ ಓಡಿತೆಂದು ಕೆಲವರು, ಓಡಲಿಲ್ಲವೆಂದು ಕೆಲವರು.

ಶೂಟಿಂಗ್ ಮುಗಿಯುವ ಮೊದಲೇ, ಆ ಹುಡುಗಿಗೆ ಎಂಟು ತಿಂಗಳು ತುಂಬಿದಾಗ ವಡಾಲದ ಅವರ ಖೋಲಿಯಲ್ಲಿ ಸೀಮಂತವಾಯಿತು. ಹೋಟೆಲಿನವರೆಲ್ಲ ಹೆಂಡಿರನ್ನು ಕರೆದುಕೊಂಡು ಬಂದಿದ್ದರು. ಅವನು ಬಾಗಿಲಲ್ಲಿ ನಿಂತು ಪಾನಕ ಕೊಡುತ್ತಿದ್ದ. ಅವನ ಎಡಗೆನ್ನೆ ನೋಡಿ, ನನ್ನ ಎಡಗೆನ್ನೆ ನೋಡಿ, ಹೆಂಗಸರು ಸೆರಗಿನೊಳಗೆ ಪಿಸುಗುಟ್ಟಿದರು. ಒಬ್ಬಾಕೆ ತಡೆಯಲಾರದೆ ಕೇಳಿಯೇಬಿಟ್ಟಳು. "ಹೌದಾ, ನಿಮ್ಮಿಬ್ಬರನ್ನೂ ಅವ ಮುಟ್ಟಿದ್ದಂತೆ?"

"ಮುಟ್ಟಿದ್ದು ನಾನು," ಎಂದೆ. "ಅವನನ್ನೂ ನಾನೇ, ನನ್ನನ್ನೂ ನಾನೇ. ಅಕ್ಕಿ ಅರೆಯುವುದು ಬೇಕಾದ್ರೆ ಮನೆಗೆ ಬಾ, ಅಳತೆ ಹೇಳಿಕೊಡ್ತೇನೆ."

ಮುತ್ತೈದೆಯರಿಗೆ ಅರಿಸಿನ ಕುಂಕುಮ ಕೊಡುವ ಹೊತ್ತಾಯಿತು. ಬಸುರಿ ಹುಡುಗಿ ಒಬ್ಬೊಬ್ಬರ ಕೆನ್ನೆಗೂ ಅರಿಸಿನ ಹಚ್ಚುತ್ತ ನನ್ನ ಮುಂದೆ ಬಂದಳು. ಬಲಗೆನ್ನೆಗೆ ಹಚ್ಚಿದಳು. ಎಡಗೆನ್ನೆಯ ಎಳೆಯ ಚರ್ಮ ನೋಡಿ ಅವಳ ಬೆರಳು ನಿಂತಿತು. ಉರಿಯುತ್ತದೆಂದು ಅವಳಿಗೆ ಗೊತ್ತಿತ್ತು, ಆರು ವಾರದಿಂದ ಮನೆಯಲ್ಲಿ ಅಂಥದ್ದೇ ಒಂದು ಕೆನ್ನೆಗೆ ತುಪ್ಪ ಹಚ್ಚಿದವಳು. ಸುತ್ತಲಿನವರೂ ನೋಡುತ್ತಿದ್ದರು.

ನಾನು ಆ ಕೆನ್ನೆಯನ್ನೇ ಅವಳ ಕೈಗೆ ತಿರುಗಿಸಿದೆ.